ಹಿಂದಿನ ಎಡಬಾಗಿಲು

ಫೆಬ್ರವರಿ 16, ಸೋಮವಾರ

ಅಂಗಡಿ ತೆಗೆಯುವಷ್ಟರಲ್ಲಿ ಬಸವನಗುಡಿಯ ರಾಮಾನುಜ ಮೇಷ್ಟ್ರು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಕಾರೂ ಹೆಚ್ಚುಕಡಿಮೆ ನಿವೃತ್ತಿಯ ವಯಸ್ಸಿನದೇ. ಅದರ ಕರೆಂಟಿನ ಕೆಲಸವೆಲ್ಲ ಮೊದಲಿನಿಂದ ನನ್ನ ಕೈಯಲ್ಲೇ. ಈ ಸಲದ ರೋಗ ಬಾಗಿಲ ಲಾಕಿನದು. "ರಿಮೋಟ್ ಒತ್ತಿದ್ರೆ ನಾಲ್ಕೂ ಬಾಗ್ಲು ಲಾಕಾಗತ್ತೆ ಬೈರಪ್ಪ. ಉಸಿರು ಬಿಡೋಷ್ಟ್ರಲ್ಲಿ ತಾನೇ ತೆಗೆದುಕೊಂಡ್ಬಿಡತ್ತೆ. ಒಂದೊಂದ್ಸಲ ಏನು ಮಾಡಿದ್ರೂ ತೆಗೆಯೋದೇ ಇಲ್ಲ" ಎಂದರು.

ಚಾಮರಾಜಪೇಟೆಯಲ್ಲಿ ನನಗೆ 'ಕಿವೀಲೇ ರಿಪೇರಿ ಮಾಡೋ ಬೈರಪ್ಪ' ಎಂದು ಹೆಸರು. ಬೇರೆಯವರು ಮೀಟರು ಹಿಡಿದು ಒದ್ದಾಡುವಾಗ ನಾನು ಕಣ್ಣು ಮುಚ್ಚಿ ನಿಲ್ಲುತ್ತೇನೆ. ಲಾಕು ಬೀಳುವಾಗ ಡ್ಯಾಶ್‌ಬೋರ್ಡಿನ ಕೆಳಗೆ ರಿಲೇ ಎಂಬ ಸ್ವಿಚ್ಚು 'ಟಿಕ್' ಅನ್ನಬೇಕು, ಅದರ ಬೆನ್ನಿಗೇ ನಾಲ್ಕು ಬಾಗಿಲೊಳಗಿನ ಪುಟ್ಟ ಮೋಟಾರುಗಳು ಒಟ್ಟಿಗೆ 'ಟಕ್' ಅನ್ನಬೇಕು. ಯಾವುದು ತಡವಾಯಿತು, ಯಾವುದು ನರಳಿತು ಎನ್ನುವುದರಲ್ಲೇ ರೋಗ ತಿಳಿಯುತ್ತದೆ. ಇವತ್ತೂ ಹಾಗೆಯೇ ನಿಂತೆ. ನಾಲ್ಕೂ ಚೊಕ್ಕವಾಗಿ ಬಿದ್ದವು.

ಹಾಗಾದರೆ ತೊಂದರೆ ವೈರಿನಲ್ಲಿ. ಡ್ರೈವರ್ ಬಾಗಿಲಿಗೂ ಕಾರಿನ ಮೈಗೂ ನಡುವೆ ಒಂದು ರಬ್ಬರ್ ಕೊಳವೆ ಇರುತ್ತದೆ, ವೈರುಗಳೆಲ್ಲ ಅದರೊಳಗೆ ಹಾದುಹೋಗುತ್ತವೆ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಅವು ಒಳಗೇ ಸವೆಯುತ್ತವೆ. ಬಿಚ್ಚಿ ನೋಡಿದರೆ ಒಂದು ವೈರು ಅರ್ಧ ಹರಿದಿತ್ತು. ಸಿಕ್ಕಿತಲ್ಲ! ಬೆಸುಗೆ ಹಾಕಿ ಟೇಪು ಸುತ್ತಿದೆ. ನಾನು ಬಗ್ಗಿಕೊಂಡಿದ್ದಾಗ ಶಶಿ ಕಾರಿನ ಆ ಕಡೆಯಿಂದ ಏನೋ ಹೇಳಿದ. "ಹೂಂ, ಹೂಂ" ಎಂದೆ. ಶಶಿಕುಮಾರ್ ಮೀಸೆ ಮೂಡುವ ವಯಸ್ಸಿನಲ್ಲಿ ನನ್ನ ಹತ್ತಿರ ಕೆಲಸ ಕಲಿಯಲು ಬಂದವನು, ಈಗ ಅಂಗಡಿಯಲ್ಲಿ ಪಾಲುದಾರ. ಕೆಲಸದಲ್ಲಿ ಅವನಿಗೆ ಹೆಸರಿಡುವಂತಿಲ್ಲ. ಇತ್ತೀಚೆಗೆ ಮಾತು ಮಾತ್ರ ಬಾಯೊಳಗೇ ಉಳಿಯುತ್ತದೆ.

ಫೆಬ್ರವರಿ 18, ಬುಧವಾರ

ಟೀವಿ ಸದ್ದು ಜಾಸ್ತಿಯಾಯಿತೆಂದು ಮಹಡಿ ಮನೆಯವರು ಹೇಳಿಕಳಿಸಿದರು. ಶಂಕರಪುರದ ಈ ಮನೆಗೆ ಬಂದು ಎಷ್ಟೋ ವರ್ಷವಾಯಿತು, ಯಾರಿಂದಲೂ ಇಂಥ ಮಾತು ಕೇಳಿರಲಿಲ್ಲ. ನನ್ನ ಹೆಂಡತಿ ವಾಣಿ ಎದ್ದು ಸದ್ದು ಇಳಿಸಿದಳು. ಇಳಿಸಿದ ಮೇಲೆ ವಾರ್ತೆ ಓದುವವಳು ಬರೀ ತುಟಿ ಅಲ್ಲಾಡಿಸುತ್ತಾಳೆ. ಈಗಿನ ಟೀವಿಗಳ ಸ್ಪೀಕರೇ ಕಳಪೆ. ವಾಣಿಗೆ ಹಾಗೆಂದೆ. ಅವಳು ನನ್ನ ಮುಖ ನೋಡಿ ಅಡುಗೆಮನೆಗೆ ಹೋದಳು. ಅವಳ ಮಾತೂ ಕಡಿಮೆಯಾಗಿದೆ.

ಫೆಬ್ರವರಿ 24, ಮಂಗಳವಾರ

ಮೇಷ್ಟ್ರ ಕಾರು ವಾಪಸ್ಸು ಬಂತು. ಅದೇ ರೋಗ. ನಾನು ಕೈಯಿಟ್ಟ ಗಾಡಿ ಅದೇ ಕಾಯಿಲೆಗೆ ಮತ್ತೆ ಬಂದದ್ದು ಬಹಳ ಕಡಿಮೆ.

"ಹಿಂದ್ಗಡೆಯಿಂದ ಏನೋ ಕಿರ್ ಅಂತ ಸದ್ದು ಬರತ್ತೆ ಬೈರಪ್ಪ" ಎಂದರು ಮೇಷ್ಟ್ರು. "ಹಳೇ ಗಾಡಿ ಸರ್, ಬರತ್ತೆ" ಎಂದೆ. ಯಾವ ಸದ್ದೂ ಬರುತ್ತಿರಲಿಲ್ಲ. ವಯಸ್ಸಾದವರಿಗೆ ಏನೇನೋ ಕೇಳಿಸುತ್ತದೆ.

ಬಾಗಿಲುಗಳಿಗೆಲ್ಲ ಅಪ್ಪಣೆ ಕೊಡುವ ಕಂಟ್ರೋಲ್ ಡಬ್ಬಿಯನ್ನೇ ಬದಲಾಯಿಸಿದೆ. ಶಶಿ ಹಿಂದಿನ ಬಾಗಿಲ ಹತ್ತಿರ ನಿಂತು ಕೈ ತೋರಿಸಿ ಏನೋ ಹೇಳಹೊರಟ. ಕೈಯಲ್ಲಿ ಕೆಲಸವಿತ್ತು. "ಗೊತ್ತು ಬಿಡೋ" ಎಂದೆ. ಅವನು ಭುಜ ಕುಣಿಸಿ ಹೊರಗೆ ಹೋದ. ಡಬ್ಬಿ ಹೊಸದಾದ ಮೇಲೆ ಸಂಜೆಯವರೆಗೂ ಲಾಕು ಸರಿಯಾಗಿಯೇ ಬಿತ್ತು. ಮೇಷ್ಟ್ರು ಖುಷಿಯಾಗಿ ಹೋದರು.

ಮಾರ್ಚ್ 4, ಬುಧವಾರ

ಇವತ್ತಿನ ದಿನ ಯಾರಿಗೂ ಬೇಡ.

ಹನ್ನೊಂದರ ಹೊತ್ತಿಗೆ ಮೇಷ್ಟ್ರ ಫೋನು ಶಶಿಗೆ ಬಂತು. ಗಾಂಧಿ ಬಜಾರಿನಲ್ಲಿ, ಹೂವಿನ ಅಂಗಡಿಗಳ ಎದುರಿಗೆ, ಅವರ ಹೆಂಡತಿ ಜಾನಕಮ್ಮ ಕಾರಿನಲ್ಲಿ ಸಿಕ್ಕಿಕೊಂಡಿದ್ದಾರೆ. ಹಿಂದಿನ ಎಡಬಾಗಿಲು ತೆಗೆಯಲೇ ಒಲ್ಲದು. ಒಳಗಿನ ಲಾಕಿನ ಗುಬುಟು ಎಳೆದರೂ ಏಳುತ್ತಿಲ್ಲ. ಸ್ಕೂಟರ್ ಹತ್ತಿ ಇಬ್ಬರೂ ಓಡಿದೆವು.

ಜಾನಕಮ್ಮನವರಿಗೆ ಮಂಡಿ ಆಪರೇಷನ್ ಆಗಿ ತಿಂಗಳಾಗಿದೆಯಷ್ಟೆ. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಕಾಲು ನೆಟ್ಟಗೆ ಚಾಚಿ ಕೂತಿದ್ದರು. ಬಲಗಡೆಗೆ ಸರಿದು ಇಳಿಯುವುದು ಆಗದ ಮಾತು. ಕಾರಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋ. ಟ್ರಾಫಿಕ್ ಪೊಲೀಸಿನವರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಗದರುತ್ತಿದ್ದರು. ಸುತ್ತ ಜನ.

ಹೊಸ ಡಬ್ಬಿಯ ಜೋಡಣೆಯೇ ಸಡಿಲವಾಗಿರಬೇಕು ಎಂದು ನನಗೆ ಖಾತ್ರಿ. ಶಶಿಗೆ ಟಾರ್ಚು ಕೊಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ನಡುವೆ ಜಾನಕಮ್ಮ ಗಾಜು ಇಳಿಸಿ ಕೈ ಸನ್ನೆ ಮಾಡಿ ಕರೆದರು. ಹೋದೆ. ಹತ್ತಿರ ಬಗ್ಗು ಎಂದು ಸನ್ನೆ ಮಾಡಿ ಏನೋ ಹೇಳಿದರು. ಬಸ್ಸಿನ ಹಾರನ್ನು, ಜನರ ಗಲಾಟೆ. ಅವರಿಗೆ ಧೈರ್ಯ ಬರಲಿ ಎಂದು ನಕ್ಕು, "ಆಗ್ಲಿ ತಾಯಿ, ಏನೂ ಯೋಚ್ನೆ ಮಾಡ್ಬೇಡಿ" ಎಂದೆ. ಇನ್ನೊಂದು ಸಲ ಹೇಳಿದರು. ಇನ್ನೊಂದು ಸಲ ನಕ್ಕೆ. ಅವರು ಮುಖ ಆಚೆಗೆ ತಿರುಗಿಸಿಕೊಂಡರು.

ಎಷ್ಟು ಹೊತ್ತು ಹುಡುಕಿದೆನೋ ಗೊತ್ತಿಲ್ಲ. ಶಶಿ ಟಾರ್ಚು ಕೆಳಗಿಟ್ಟು, ನನ್ನನ್ನು ಕೇಳದೆಯೇ ಬಲಗಡೆಯಿಂದ ಹಿಂದಿನ ಸೀಟಿಗೆ ತೂರಿ, ಅವರ ಪಕ್ಕದಲ್ಲಿ ಮುದುರಿ ಕೂತು ಬಾಗಿಲಿನ ಒಳಹಲಗೆ ಕಿತ್ತ. ಒಳಗೆ ಕೈ ಹಾಕಿ ಸರಳನ್ನು ಮೀಟಿದ. ಬಾಗಿಲು ತೆರೆಯಿತು. ಸೀಟೆಲ್ಲ ಒದ್ದೆಯಾಗಿತ್ತು, ನೀರಿನ ಬಾಟಲಿ ಚೆಲ್ಲಿರಬೇಕು. ಶಶಿ ಹೂವಿನವಳ ಹತ್ತಿರ ಒಂದು ಹಳೇ ಬೆಡ್‌ಶೀಟು ಕೇಳಿ ತಂದು ಅವರ ಸುತ್ತ ಹೊದಿಸಿ ಆಟೋ ಹತ್ತಿಸಿದ. ಆ ಬಿಸಿಲಿನಲ್ಲಿ ಬೆಡ್‌ಶೀಟು ಯಾಕೋ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಎರಡು ಸಲ ರಿಪೇರಿ ಮಾಡಿದ್ರಲ್ಲ ಬೈರಪ್ಪ, ಏನು ಮಾಡಿದ್ರಿ?" ಎಂದು ಎಲ್ಲರೆದುರು ಕೂಗಿದರು. ಅಷ್ಟು ಜನ ನೋಡುತ್ತಿದ್ದರು. "ಹಿಂದಿನ ಬಾಗ್ಲು ನೋಡಿದ್ದು ಶಶಿ ಸರ್. ಅವನು ನಂಗೆ ಏನೂ ಹೇಳ್ಲಿಲ್ಲ" ಎಂದೆ.

ಶಶಿ ತಿರುಗಿದ. "ಅಣ್ಣಾ, ಮೊದಲ್ನೇ ದಿನಾನೇ ಹೇಳಿದ್ನಲ್ಲ, ಹಿಂದಿನ ಎಡಬಾಗ್ಲು ಕಿರ್ ಅಂತಿದೆ, ಮೋಟ್ರು ಹೋಗ್ತಿದೆ ಅಂತ. ನೀವು ಹೂಂ ಅಂದ್ರಿ."

"ಯಾವಾಗ್ಲೋ ಹೇಳ್ದೆ? ಸುಳ್ಳು ಹೇಳ್ಬೇಡ."

ಅವನು ಸ್ಕೂಟರಿನ ಕೀಲಿ ನನ್ನ ಕೈಗೆ ಕೊಟ್ಟು ನಡೆದುಕೊಂಡು ಹೋದ. ಹೇಳಿದ್ದರೆ ನನಗೆ ನೆನಪಿರುತ್ತಿರಲಿಲ್ಲವೇ?

ಮಾರ್ಚ್ 5, ಗುರುವಾರ

ಶಶಿ ಬರಲಿಲ್ಲ. ಫೋನು ಎತ್ತಲಿಲ್ಲ.

ಮಾರ್ಚ್ 6, ಶುಕ್ರವಾರ

ಹೊಸ ಮೋಟಾರು ತೆಗೆದುಕೊಂಡು ಮೇಷ್ಟ್ರ ಮನೆಗೇ ಹೋದೆ. ಕಾರು ಕಾಂಪೌಂಡಿನೊಳಗೆ ನಿಂತಿತ್ತು. ಹಿಂದಿನ ಸೀಟಿನ ಕವರುಗಳನ್ನು ತೊಳೆದು ಗೋಡೆಯ ಮೇಲೆ ಹರವಿದ್ದರು.

ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ರಿಮೋಟ್ ಒತ್ತಿದರು. ಒತ್ತಿದವರೇ ಮುಖ ಕಿವುಚಿದರು. "ಬಂತು ನೋಡಿ ಆ ಸದ್ದು. ಹಲ್ಲು ಜುಂ ಅನ್ನತ್ತೆ."

ನನಗೆ ಏನೂ ಬರಲಿಲ್ಲ. "ಹೂಂ ಸರ್, ಬಂತು" ಎಂದೆ. ಇನ್ನೊಂದು ಸಲ ಒತ್ತಲು ಹೇಳಿದೆ. ಅವರ ಮುಖ ಇನ್ನೊಂದು ಸಲ ಕಿವುಚಿತು. ಕಾರು ಮಾತ್ರ ಮೂಕಿಯಂತೆ ನಿಂತಿತ್ತು. ಮೂರನೆಯ ಸಲ ನಾನು ಹಿಂದಿನ ಎಡಬಾಗಿಲಿನ ಮೇಲೆ ಅಂಗೈ ಇಟ್ಟೆ. ಒಳಗೆ ಡಬ್ಬಿಯಲ್ಲಿ ಹಿಡಿದಿಟ್ಟ ದುಂಬಿಯ ಹಾಗೆ ಏನೋ ಗಿರಗಿರ ಒದ್ದಾಡಿತು. ಅಂಗೈಗೆ ಗೊತ್ತಾಯಿತು. ಕಿವಿಗೆ ಇಲ್ಲ.

ಹಲಗೆ ಬಿಚ್ಚಿ ಮೋಟಾರು ತೆಗೆದೆ. ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವು ಕಚ್ಚಿಕೊಂಡಾಗಲೆಲ್ಲ ಮೋಟಾರು ಹೆಚ್ಚು ಕರೆಂಟು ಎಳೆದು, ಡಬ್ಬಿ ಗೊಂದಲವಾಗಿ ಎಲ್ಲ ಬಾಗಿಲನ್ನೂ ತೆಗೆದುಬಿಡುತ್ತಿತ್ತು. ಮೊದಲ ದಿನದಿಂದ ಇದೇ. ಶಶಿ ಹೇಳಿದ್ದು ಇದನ್ನೇ. ಅವನು ಹೇಳಿದ್ದ. ನಾನು ಕೇಳಿಸಿಕೊಳ್ಳದೆ ಹೂಂ ಅಂದಿದ್ದೆ, ಹೂಂ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಗಾಂಧಿ ಬಜಾರಿನಲ್ಲಿಯೂ ನೆನಪಿತ್ತು.

ಹೊಸ ಮೋಟಾರು ಕೂರಿಸಿ ಸಾಮಾನು ಕಟ್ಟುವಾಗ ಮೇಷ್ಟ್ರು ನನ್ನ ಎದುರಿಗೇ ಬಂದು ನಿಂತರು. ಆದ್ದರಿಂದ ಅವರ ಮಾತು ಪೂರ್ತಿ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

"ನಿಮ್ಮನ್ನ ಒಂದು ಮಾತು ಕೇಳ್ಬೇಕು ಬೈರಪ್ಪ. ಆವತ್ತು ಜಾನಕಿ ನಿಮ್ಮನ್ನ ಕರೆದು ಹೇಳಿದ್ಳಂತೆ, ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗ್ಬೇಕು, ತಡ್ಕೊಳಕ್ಕಾಗ್ತಿಲ್ಲ, ಬೇಗ ಏನಾದ್ರೂ ಮಾಡಿ ಅಂತ. ಸಕ್ಕರೆ ಕಾಯಿಲೆ ಅವಳಿಗೆ. ನೀವು ನಕ್ಕುಬಿಟ್ರಂತೆ. ಎರಡು ಸಲ ಹೇಳಿದ್ರೂ ನಕ್ಕುಬಿಟ್ರಂತೆ. ಯಾಕೆ?"

ಗೋಡೆಯ ಮೇಲೆ ಸೀಟಿನ ಕವರುಗಳು. ಒಂದು ಮಾತು ಸಾಕಿತ್ತು: ಕೇಳಿಸಲಿಲ್ಲ ಸರ್. ಬಾಯಿ ಬರಲಿಲ್ಲ. ನನ್ನ ಅಪ್ಪನನ್ನು ಊರಿನಲ್ಲಿ ಕೆಪ್ಪಯ್ಯ ಎಂದು ಕರೆಯುತ್ತಿದ್ದರು. ಹುಡುಗರು ಎದುರಿಗೆ ನಿಂತು ಸದ್ದಿಲ್ಲದೆ ಬರೀ ತುಟಿ ಕುಣಿಸುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಕ್ರೂರಿ ಎಂದುಕೊಂಡರೆ ಅಂದುಕೊಳ್ಳಲಿ, ಕೆಪ್ಪ ಎಂದುಕೊಳ್ಳುವುದು ಬೇಡ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. ಅನ್ನಿಸಿತಲ್ಲ! ತಲೆ ತಗ್ಗಿಸಿ "ತಪ್ಪಾಯ್ತು" ಎಂದಷ್ಟೇ ಹೇಳಿ ಬಂದೆ.

ಮಾರ್ಚ್ 7, ಶನಿವಾರ

ಅಂಗಡಿ ತೆಗೆಯಲಿಲ್ಲ.

ಮಾರ್ಚ್ 12, ಗುರುವಾರ

ಸಾಮಾನು ತರಬೇಕೆಂದು ವಾಣಿಗೆ ಹೇಳಿ ಶೇಷಾದ್ರಿಪುರಕ್ಕೆ ಹೋದೆ. ಸಾಮಾನಿನ ಅಂಗಡಿ ದಾಟಿ, ಕಿವಿ ಪರೀಕ್ಷೆ ಮಾಡುವ ಜಾಗದ ಎದುರು ಎರಡು ಸಲ ಆಚೀಚೆ ಓಡಾಡಿದೆ. ಗುರುತಿನವರು ಯಾರೂ ಇಲ್ಲವೆಂದಾದ ಮೇಲೆ ಒಳಗೆ ಹೋದೆ.

ಯಶಶ್ರೀ ಎಂದು ಒಬ್ಬ ಹೆಣ್ಣುಮಗಳು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಲು ಡಬಡಬ ಎನ್ನುವ ದಪ್ಪ ಸದ್ದುಗಳು. ಒತ್ತಿದೆ. ಆಮೇಲೆ ಏನೂ ಇಲ್ಲ. ಗಾಜಿನ ಆಚೆ ಅವಳ ಭುಜ ಅಲುಗಿದಾಗಲೆಲ್ಲ ಸದ್ದು ಬಿಡುತ್ತಿದ್ದಾಳೆ ಎಂದು ತಿಳಿಯಿತು. ಅದನ್ನು ನೋಡಿಕೊಂಡು ಒತ್ತತೊಡಗಿದೆ.

ಅವಳು ಎದ್ದು ಬಂದು ಬಾಗಿಲು ತೆಗೆದಳು. "ಅಂಕಲ್, ಕುರ್ಚಿ ಆ ಕಡೆ ತಿರುಗಿಸ್ಕೊಳ್ಳಿ. ನಾನು ಕೈ ಆಡ್ಸಿದೆ ಅಷ್ಟೇ, ಸೌಂಡೇ ಕೊಟ್ಟಿರ್ಲಿಲ್ಲ."

ಐವತ್ತೆಂಟು ವರ್ಷದ ಗಂಡಸು, ಕಾಪಿ ಹೊಡೆದು ಸಿಕ್ಕಿಬಿದ್ದೆ. ಗೋಡೆಗೆ ಮುಖ ಮಾಡಿ ಕೂತೆ. ಬಹಳ ಹೊತ್ತು ಗುಂಡಿಯ ಮೇಲಿನ ಬೆರಳು ಅಲುಗಲಿಲ್ಲ.

ತೆಳುವಾದ ಸದ್ದುಗಳೆಲ್ಲ ಹೋಗಿವೆಯಂತೆ. ಹಾರನ್ನು, ಕಂಪ್ರೆಸರಿನ ನಡುವೆ ಕೆಲಸ ಮಾಡಿದವರಿಗೆ ಹೀಗಾಗುತ್ತದಂತೆ. ಮಾತು ಕೇಳಿಸಿದ ಹಾಗಿರುತ್ತದೆ, ಅಕ್ಷರ ಉದುರಿಹೋಗಿರುತ್ತದೆ. "ಕೇಳಿಸ್ದೇ ಇದ್ದಾಗ ಏನ್ಮಾಡ್ತೀರಾ ಅಂಕಲ್?" ಎಂದು ಕೇಳಿದಳು. ನಕ್ಕೆ. ಅವಳು "ಇದೇನಾ?" ಎಂದಳು.

ಕಿವಿಗೆ ಹಾಕಿಕೊಳ್ಳುವ ಯಂತ್ರ ಬರಲು ಮುಂದಿನ ತಿಂಗಳಾಗುತ್ತದೆ.

ಮನೆಗೆ ಬಂದು ವಾಣಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು. ಹೇಳಿದ್ರೆ ಎಗರಾಡ್ತೀರ ಅಂತ ಸುಮ್ನಿದ್ದೆ. ದಿನಾ ಏನೇನೋ ಹೇಳ್ಬೇಕು ಅನ್ಸತ್ತೆ, ಕೂಗಿ ಹೇಳೋ ಅಂಥದ್ದಲ್ಲ ಅದು. ಬಿಟ್ಟೆ." ಏನನ್ನು ಬಿಟ್ಟಳೋ ಕೇಳಲು ಧೈರ್ಯವಾಗಲಿಲ್ಲ. ಸೊಪ್ಪಿನ ತಟ್ಟೆ ಎಳೆದುಕೊಂಡು ಅವಳ ಎದುರಿಗೆ ಕೂತೆ. ಮಹಡಿ ಮನೆಯ ಸೊಸೆಗೆ ಹೆರಿಗೆಯಾಗಿ ಮೂರು ತಿಂಗಳಾಯಿತಂತೆ. ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 16, ಸೋಮವಾರ

ಜಾನಕಮ್ಮನವರ ಹತ್ತಿರ ಹೋಗಿ ಬಂದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಒಳಗೊಳಗೇ ಹೇಳಿಕೊಂಡು ಹೋಗಿದ್ದೆ. ಮೇಷ್ಟ್ರು ಔಷಧಿ ತರಲು ಹೋಗಿದ್ದರು. ಜಾನಕಮ್ಮ ವಾಕರ್ ಹಿಡಿದು ಬಂದು ಬಾಗಿಲು ತೆಗೆದವರು ನನ್ನನ್ನು ನೋಡಿ, ಒಳಗೆ ಬಾ ಎನ್ನದೆ ಅಲ್ಲೇ ನಿಂತರು.

"ಅಮ್ಮಾ, ನಂಗೆ ಕಿವಿ ಕೇಳ್ಸಲ್ಲ. ಆವತ್ತು ನೀವು ಹೇಳಿದ್ದು ಒಂದಕ್ಷರ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅನ್ನಕ್ಕೆ ನಾಚ್ಕೆಯಾಗಿ ನಕ್ಕೆ."

ಅವರು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಎರಡು ಸಲ ಹೇಳಿದೆ. ಹೆಂಗಸು ಅದನ್ನ ಬೀದೀಲಿ ಎಷ್ಟು ಜೋರಾಗಿ ಹೇಳಕ್ಕಾಗತ್ತೆ? ಆವತ್ತಿಂದ ನಾನು ಈ ಗೇಟು ದಾಟಿಲ್ಲ. ಆ ಹೂವಿನವರೆಲ್ಲ ನನ್ನ ಗುರ್ತಿನವರು."

"ತಪ್ಪಾಯ್ತಮ್ಮ."

"ಕಿವಿ ಕೇಳ್ಸದೆ ಇರೋದು ತಪ್ಪಲ್ಲ. ಏನಮ್ಮಾ ಅಂತ ಕೇಳ್ಬೇಕಿತ್ತು. ನಗಬಾರ್ದಿತ್ತು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ, "ಬಾಗ್ಲು ಈಗ ಸರಿಯಾಗಿದ್ಯಾ? ನಂಬ್ಲಾ?" ಎಂದರು. "ಶಶಿ ಕೈಲಿ ಇನ್ನೊಂದ್ಸಲ ನೋಡಿಸ್ತೀನಿ" ಎಂದೆ. ಶಶಿಯ ಹೆಸರು ಬಾಯಿಗೆ ಬಂತು. ಅವನು ಮೊದಲ ದಿನವೇ ಹೇಳಿದ್ದ, ಸುಳ್ಳು ಹೇಳಿದ್ದು ನಾನು ಎಂಬ ಮಾತು ಬರಲಿಲ್ಲ. ಒಂದು ದಿನಕ್ಕೆ ಒಂದು ಅವಮಾನ ಸಾಕು ಎನ್ನಿಸಿತು.

ಮಾರ್ಚ್ 19, ಗುರುವಾರ

ಯುಗಾದಿ. ವಾಣಿ ಬೇವು ಬೆಲ್ಲ ಕೊಟ್ಟಳು. ಪ್ರತಿ ವರ್ಷ ಹಬ್ಬದ ಸಂಜೆ ಶಶಿ ಫೋನು ಮಾಡಿ, ನಾಳೆ ಹೊಸತೊಡಕಿನ ಬಾಡೂಟಕ್ಕೆ ಬನ್ನಿ ಎಂದು ಕರೆಯುತ್ತಿದ್ದ. ಫೋನು ಕೈಯಲ್ಲೇ ಹಿಡಿದಿದ್ದೆ, ಬಂದರೆ ಅಲುಗಾಡುವುದು ತಿಳಿಯಲಿ ಎಂದು. ಬರಲಿಲ್ಲ.

ಮಾರ್ಚ್ 20, ಶುಕ್ರವಾರ

ಕರೆಯದಿದ್ದರೂ ಹೋದೆ. ಹನುಮಂತನಗರದ ಅವನ ಮನೆಯ ತುಂಬ ನೆಂಟರು. ಬಾಗಿಲಲ್ಲೇ ಮಸಾಲೆಯ ಘಮ. ಶಶಿಯ ಹೆಂಡತಿ ವಿಶಾಖಾ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತಿದ್ದಳು. ಶಶಿ ನನ್ನನ್ನು ನೋಡಿ ಏಳಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಅವನ ಎದುರಿಗೆ ಚಾಪೆಯ ಮೇಲೆ ಕೂತೆ.

"ನೀನು ಹೇಳಿದ್ದೆ ಶಶಿ. ನಂಗೆ ಕೇಳಿಸಿರ್ಲಿಲ್ಲ. ಗಾಂಧಿ ಬಜಾರಲ್ಲಿ ನಿನ್ನ ಮೇಲೆ ಹಾಕ್ದೆ. ಕಿವಿ ಟೆಸ್ಟ್ ಮಾಡಿಸ್ದೆ. ಹೋಗಿದೆ."

ಅವನು ನೆಲ ನೋಡಿಕೊಂಡು ಏನೋ ಹೇಳಿದ. ಮಿಕ್ಸಿಯ ಗರ್ರ್ ಬಿಟ್ಟರೆ ಬೇರೇನೂ ನನಗೆ ತಲುಪಲಿಲ್ಲ. ಕತ್ತು ತಾನಾಗಿ ಹೂಂ ಎಂದು ಅಲುಗಲು ಹೊರಟಿತು. ಹಿಡಿದುಕೊಂಡೆ.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಇದನ್ನ ಎರಡ್ಸಲ ಬೇರೆ ಹೇಳ್ಬೇಕಾ?"

"ಹೂಂ. ಜೋರಾಗಿ ಹೇಳು."

ಶಶಿ ಎದ್ದು ಹೋಗಿ ಮಿಕ್ಸಿಯ ಸ್ವಿಚ್ಚು ಆರಿಸಿ ಬಂದ. ಮನೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅವನು ನನ್ನ ಮುಖಕ್ಕೆ ಮುಖ ಕೊಟ್ಟು, ಇಷ್ಟು ವರ್ಷಗಳಲ್ಲಿ ಮೊದಲ ಸಲ ನೀನು ಎಂದು ಕರೆದು ಕೂಗಿ ಹೇಳಿದ: "ನೀನು ಕೆಪ್ಪ ಅಂತ ನಂಗೆ ಯಾವಾಗ್ಲೋ ಗೊತ್ತಿತ್ತು ಕಣಣ್ಣ! ಸುಳ್ಳ ಅಂತ ಗೊತ್ತಿರ್ಲಿಲ್ಲ!"

ಈ ಸಲ ಒಂದಕ್ಷರವೂ ಉದುರಲಿಲ್ಲ. ನೆಂಟರಿಗೂ ಉದುರಿರಲಿಕ್ಕಿಲ್ಲ.

ಜೇಬಿನಿಂದ ಫೋನು ತೆಗೆದು ರಾಮಾನುಜ ಮೇಷ್ಟ್ರ ನಂಬರು ಒತ್ತಿದೆ. ಎತ್ತಿದ್ದು ಪರದೆಯ ಮೇಲೆ ಕಾಣಿಸಿದ ಕೂಡಲೇ ಹೇಳಿದೆ: "ಸರ್, ಬೈರಪ್ಪ. ಹಿಂದಿನ ಎಡಬಾಗ್ಲಿನ ಮೋಟ್ರು ಹೋಗಿದೆ ಅಂತ ಶಶಿ ಮೊದಲ್ನೇ ದಿನಾನೇ ನಂಗೆ ಹೇಳಿದ್ದ. ಆವತ್ತು ಎಲ್ರ ಮುಂದೆ ನಾನು ಸುಳ್ಳು ಹೇಳಿದೆ. ತಪ್ಪು ಪೂರ್ತಿ ನಂದು." ಆ ಕಡೆಯಿಂದ ಏನೋ ಗುಂಯ್ ಅಂದಿತು. ಸರಿ ಸರ್, ಹೂಂ ಸರ್ ಎನ್ನಲಿಲ್ಲ. "ನೀವು ಮಾತಾಡ್ತಿರೋದು ನಂಗೆ ಕೇಳಿಸ್ತಿಲ್ಲ ಸರ್. ಶಶಿ ಹತ್ರ ಮಾತಾಡಿ" ಎಂದು ಫೋನನ್ನು ಅವನ ಕೈಗೆ ಕೊಟ್ಟೆ.

ಶಶಿ ಫೋನು ಕಿವಿಗಿಟ್ಟುಕೊಂಡ. ಬಹಳ ಹೊತ್ತು ಕೇಳಿದ. ಒಂದೆರಡು ಸಲ "ಪರ್ವಾಗಿಲ್ಲ ಸರ್" ಎಂದು ಅವನ ತುಟಿ ಅಂದದ್ದು ಕಂಡಿತು. ಒಮ್ಮೆ ಕಣ್ಣು ಒರೆಸಿಕೊಂಡ. ಆಮೇಲೆ ಫೋನು ಇಟ್ಟ.

"ಏನಂದ್ರು?" ಎಂದೆ.

"ಅದು ನಂಗೆ ಹೇಳಿದ್ದು" ಎಂದ ಶಶಿ. "ನಿಮಗಲ್ಲ."

ವಿಶಾಖಾ ಎಲೆ ಹಾಕಿದಳು. ಅವನ ಪಕ್ಕದಲ್ಲೇ ಕೂತು ಊಟ ಮಾಡಿದೆ.